ಮೂರು ವಯಸ್ಸಿನ ಕೆಂಪು ವೈನ್, ಒಂದೇ ಸಂಜೆ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕೆಂಪು ವೈನಿನ ವಯಸ್ಸಿನ ಬಗ್ಗೆಯೇ ಇವೆ. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು, ಇವನ್ನೇ ತೆಗೆದುಕೊಂಡಿದ್ದೇನೆ.

ಮಗಳು ಅಳಿಯ ಸ್ಪೇನಿಗೆ ಹೋಗಿದ್ದವರು ರಿಯೋಹಾ ಎಂಬ ಕಡೆಯ ಮೂರು ಬಾಟಲಿ ತಂದಿದ್ದಾರೆ. ಮೂರರ ಮೇಲೂ ಒಂದೇ ಕಂಪನಿಯ ಹೆಸರು. ಆದರೆ ಒಂದರಲ್ಲಿ ಕ್ರಿಯಾನ್ಸಾ, ಇನ್ನೊಂದರಲ್ಲಿ ರೆಸೆರ್ವಾ, ಮತ್ತೊಂದರಲ್ಲಿ ಗ್ರಾನ್ ರೆಸೆರ್ವಾ ಎಂದಿದೆ. ಮನೆಯಲ್ಲಿ ಕುಡಿಯುವವರು ಆರು ಜನ. ಯಾವುದನ್ನು ಈಗ ತೆಗೆಯಬೇಕು, ಯಾವುದನ್ನು ಇಟ್ಟುಕೊಳ್ಳಬೇಕು?
— ಜಯನಗರ, ಬೆಂಗಳೂರು

ಒಂದನ್ನೂ ಇಟ್ಟುಕೊಳ್ಳಬೇಡಿ. ಮೂರನ್ನೂ ಒಂದೇ ಸಂಜೆ ತೆಗೆಯಿರಿ. ಒಂದು ಬಾಟಲಿಯನ್ನು ಮಾತ್ರ ಕುಡಿದರೆ ಅದು ಚೆನ್ನಾಗಿದೆ ಅಥವಾ ಚೆನ್ನಾಗಿಲ್ಲ ಎಂದಷ್ಟೇ ಗೊತ್ತಾಗುತ್ತದೆ. ವಯಸ್ಸು ಅದಕ್ಕೆ ಏನು ಮಾಡಿದೆ ಎಂದು ಗೊತ್ತಾಗಬೇಕಾದರೆ ಪಕ್ಕದಲ್ಲಿ ಇನ್ನೊಂದು ಇರಲೇಬೇಕು.

ಮೊದಲು ಆ ಹೆಸರುಗಳ ಅರ್ಥ. ರಿಯೋಹಾ ಎಂದರೆ ಸ್ಪೇನಿನ ಉತ್ತರ ಭಾಗದ ಎಬ್ರೋ ನದಿಯ ಆಚೀಚೆ ಇರುವ ದ್ರಾಕ್ಷಿ ಸೀಮೆ. ಅಲ್ಲಿ ವೈನನ್ನು ಎಷ್ಟು ದಿನ ಮಾಗಲು ಬಿಟ್ಟು ಮಾರಬೇಕು ಎಂಬುದಕ್ಕೆ ಕಾನೂನೇ ಇದೆ. ಕೆಂಪು ವೈನಿನಲ್ಲಿ ಕ್ರಿಯಾನ್ಸಾ ಎಂದರೆ ಕನಿಷ್ಠ 2 ವರ್ಷ ಕಾದದ್ದು, ಅದರಲ್ಲಿ 1 ವರ್ಷವಾದರೂ ಓಕ್ ಮರದ ಪೀಪಾಯಿಯಲ್ಲಿ ಇದ್ದದ್ದು. ರೆಸೆರ್ವಾ ಎಂದರೆ 3 ವರ್ಷ, ಅದರಲ್ಲೂ ಪೀಪಾಯಿ 1 ವರ್ಷ. ಗ್ರಾನ್ ರೆಸೆರ್ವಾ 5 ವರ್ಷ ಕಾಯಬೇಕು. ಅದರಲ್ಲಿ 2 ವರ್ಷ ಪೀಪಾಯಿ, 2 ವರ್ಷ ಬಾಟಲಿ. ಇವೆಲ್ಲ ಕನಿಷ್ಠ ಲೆಕ್ಕ. ಹಾರೋ ಊರಿನಲ್ಲಿ 1877ರಲ್ಲಿ ಶುರುವಾದ ಲೋಪೆಸ್ ದೆ ಎರೆದಿಯಾ ಎಂಬ ಮನೆಯವರು ತಮ್ಮ ಗ್ರಾನ್ ರೆಸೆರ್ವಾವನ್ನು ಇಪ್ಪತ್ತು ವರ್ಷದ ಆಸುಪಾಸು ಕಾಯಿಸಿ ಹೊರಗೆ ಬಿಡುವುದುಂಟು. ಬಾಟಲಿಯ ಹಿಂದೆ ಒಂದು ಸಣ್ಣ ಮುದ್ರೆಯ ಚೀಟಿ ಇರುತ್ತದೆ, ನೋಡಿ. ಕ್ರಿಯಾನ್ಸಾಕ್ಕೆ ಕೆಂಪು, ರೆಸೆರ್ವಾಕ್ಕೆ ಕಡುಗೆಂಪು, ಗ್ರಾನ್ ರೆಸೆರ್ವಾಕ್ಕೆ ನೀಲಿ. ಕಾಯುವ ಕೆಲಸವನ್ನು ಅವರೇ ಮುಗಿಸಿ ಕಳಿಸಿದ್ದಾರೆ. ನೀವು ಮತ್ತೆ ಬೆಂಗಳೂರಿನ ಬೇಸಿಗೆಯಲ್ಲಿ ಕಾಯಿಸುವುದು ಬೇಡ.

ಅಲ್ಲಿಗೆ ಈ ಪೀಪಾಯಿ ಪದ್ಧತಿ ಗಟ್ಟಿಯಾಗಿ ಬಂದದ್ದು ಫ್ರಾನ್ಸಿನ ಕಷ್ಟದಿಂದ. 1860ರ ದಶಕದಿಂದ ಫಿಲೋಕ್ಸೆರಾ ಎಂಬ ಬೇರು ತಿನ್ನುವ ಕೀಟ ಫ್ರಾನ್ಸಿನ ತೋಟಗಳನ್ನು ಹಾಳು ಮಾಡುತ್ತಾ ಬಂತು. ಬೋರ್ಡೋ ಕಡೆಯ ವ್ಯಾಪಾರಿಗಳು ವೈನ್ ಹುಡುಕಿಕೊಂಡು ಬೆಟ್ಟ ದಾಟಿ ರಿಯೋಹಾಕ್ಕೆ ಬಂದರು. ಅವರ ಜೊತೆ 225 ಲೀಟರಿನ ಪೀಪಾಯಿಯಲ್ಲಿ ವೈನ್ ಹಣ್ಣಾಗಿಸುವ ರೂಢಿಯೂ ಬೇರೂರಿತು. ಹಾರೋ ರೈಲು ನಿಲ್ದಾಣದ ಸುತ್ತ ಈಗಲೂ ಹಳೆಯ ವೈನ್ ಮನೆಗಳು ಒತ್ತಾಗಿ ನಿಂತಿವೆ. ಪೀಪಾಯಿಗಳು ರೈಲು ಹತ್ತಿ ಹೋಗಬೇಕಿತ್ತಲ್ಲ, ಅದಕ್ಕೆ.

ಈಗ ನಿಮ್ಮ ಸಂಜೆಗೆ ಬರೋಣ. ಬಾಟಲಿಗಳನ್ನು ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಡಿ. ಕೆಂಪು ವೈನನ್ನು ಕೋಣೆಯ ಶಾಖದಲ್ಲಿ ಕುಡಿಯಬೇಕು ಎನ್ನುವ ಮಾತು ಹುಟ್ಟಿದ್ದು ಯುರೋಪಿನ ತಣ್ಣಗಿನ ಮನೆಗಳಲ್ಲಿ. ನಮ್ಮ 28 ಡಿಗ್ರಿ ಕೋಣೆಯಲ್ಲಿ ಸುರಿದರೆ ಮೂಗಿಗೆ ಬರೀ ಸಾರಾಯಿ ಘಾಟು ಹೊಡೆಯುತ್ತದೆ. 16ರಿಂದ 18 ಡಿಗ್ರಿ ಸಾಕು. ಗ್ರಾನ್ ರೆಸೆರ್ವಾವನ್ನು ಮಾತ್ರ ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿಡಿ, ಗಸಿ ಇದ್ದರೆ ತಳಕ್ಕೆ ಇಳಿಯಲಿ, ಫ್ರಿಜ್ಜಿನಲ್ಲೂ ನಿಂತೇ ಇರಲಿ.

ಒಬ್ಬೊಬ್ಬರಿಗೆ ಮೂರು ಗ್ಲಾಸು ಬೇಕು. ಇಲ್ಲದಿದ್ದರೆ ಅಕ್ಕಪಕ್ಕದ ಮನೆಯಿಂದ ತನ್ನಿ, ಈ ವಿಷಯದಲ್ಲಿ ರಾಜಿ ಬೇಡ. ಒಂದೊಂದಕ್ಕೆ 50 ಮಿಲಿ ಹಾಕಿ. ಎಡದಿಂದ ಬಲಕ್ಕೆ ವಯಸ್ಸಿನಲ್ಲಿ ಚಿಕ್ಕದು, ನಡುವಿನದು, ದೊಡ್ಡದು. ಇನ್ನೂ ಬಾಯಿಗೆ ಇಡಬೇಡಿ. ಒಂದು ಬಿಳಿ ಹಾಳೆಯ ಮೇಲೆ ಗ್ಲಾಸನ್ನು ಓರೆ ಮಾಡಿ ಅಂಚಿನ ಬಣ್ಣ ನೋಡಿ. ಕ್ರಿಯಾನ್ಸಾದ ಅಂಚು ನೇರಳೆಹಣ್ಣು ತಿಂದ ನಾಲಿಗೆಯ ಹಾಗೆ ಇರುತ್ತದೆ, ಇಲ್ಲವೇ ದಾಳಿಂಬೆ ಕೆಂಪು. ರೆಸೆರ್ವಾದಲ್ಲಿ ಆ ನೀಲಿ ಛಾಯೆ ಹೋಗಿರುತ್ತದೆ. ಗ್ರಾನ್ ರೆಸೆರ್ವಾದ ಅಂಚು ಮಂಗಳೂರು ಹೆಂಚಿನ ಬಣ್ಣಕ್ಕೆ ತಿರುಗಿರುತ್ತದೆ, ನಡುವೆಯೂ ತೆಳುವಾಗಿ ಗ್ಲಾಸಿನ ಆಚೆ ಇಟ್ಟ ಬೆರಳು ಕಾಣಬಹುದು. ಕೆಂಪು ವೈನ್ ವಯಸ್ಸಾದಂತೆ ಬಣ್ಣ ಕಳೆದುಕೊಳ್ಳುತ್ತದೆ, ಬಿಳಿ ವೈನ್ ಗಾಢವಾಗುತ್ತದೆ.

ಆಮೇಲೆ ಮೂಗು. ಗ್ಲಾಸನ್ನು ಅಲ್ಲಾಡಿಸದೆ ಒಂದು ಸಲ, ಸುತ್ತಾಡಿಸಿ ಒಂದು ಸಲ. ಕ್ರಿಯಾನ್ಸಾದಲ್ಲಿ ಹಣ್ಣು ಮುಂದೆ ನಿಂತಿರುತ್ತದೆ. ಅದರ ಹಿಂದೆ ವೆನಿಲ್ಲಾ, ಒಣಕೊಬ್ಬರಿ ಬಂದರೆ ಅದು ಅಮೆರಿಕದ ಓಕ್ ಪೀಪಾಯಿಯ ಗುರುತು, ರಿಯೋಹಾದ ಹಳಬರಿಗೆ ಅದೇ ಇಷ್ಟ. ಲವಂಗದ ಕಡೆಗೆ ಹೋದರೆ ಫ್ರಾನ್ಸಿನ ಓಕ್ ಇರಬಹುದು. ಗ್ರಾನ್ ರೆಸೆರ್ವಾದಲ್ಲಿ ಹಸಿ ಹಣ್ಣಿನ ಜಾಗಕ್ಕೆ ಒಣಹಣ್ಣು ಬಂದಿರುತ್ತದೆ, ಖರ್ಜೂರ, ಅಂಜೂರ, ಜೊತೆಗೆ ಹೊಗೆಸೊಪ್ಪು, ತರಗೆಲೆ, ಮಳೆ ನಿಂತ ಮೇಲೆ ತೋಟದ ನೆಲದಿಂದ ಏಳುವ ಅಣಬೆಯ ವಾಸನೆ.

ಕೊನೆಗೆ ಗುಟುಕು. ನುಂಗುವ ಮುಂಚೆ ಬಾಯಿ ತುಂಬ ಆಡಿಸಿ. ಒಸಡಿಗೆ ಎಷ್ಟು ಒಗರು ಹಿಡಿಯಿತು, ದವಡೆಯ ಬದಿಗೆ ಎಷ್ಟು ನೀರೂರಿತು, ನುಂಗಿದ ಮೇಲೆ ರುಚಿ ಎಷ್ಟು ಹೊತ್ತು ನಿಂತಿತು, ಈ ಮೂರನ್ನು ಗಮನಿಸಿದರೆ ಸಾಕು. ಮೂರೂ ಆದ ಮೇಲೆ ಮತ್ತೆ ಕ್ರಿಯಾನ್ಸಾಕ್ಕೆ ವಾಪಸ್ ಬನ್ನಿ. ಇದನ್ನು ತುಂಬಾ ಜನ ಮಾಡುವುದೇ ಇಲ್ಲ. ಮೊದಲ ಸಲ ಸರಳ ಅನಿಸಿದ್ದು ಈಗ ಒರಟು ಅನಿಸಬಹುದು, ಅಥವಾ ಎಷ್ಟು ಜೀವಂತವಾಗಿದೆ ಅನಿಸಬಹುದು. ಎರಡೂ ನಿಜವೇ. ನನಗೆ ದಿನ ಕಳೆದಂತೆ ರೆಸೆರ್ವಾ ಮೇಲೆ ಪ್ರೀತಿ ಜಾಸ್ತಿಯಾಗಿದೆ. ಹಣ್ಣೂ ಉಳಿದಿರುತ್ತದೆ, ಮಾಗಿದ ಘಮವೂ ಶುರುವಾಗಿರುತ್ತದೆ.

ಒಂದು ಮಾತು ಮಾತ್ರ ನೆನಪಿಡಿ. ಗ್ರಾನ್ ರೆಸೆರ್ವಾಕ್ಕೆ ಸಾಮಾನ್ಯವಾಗಿ ಒಳ್ಳೆಯ ಫಸಲಿನ ವರ್ಷದ, ಆಯ್ದ ದ್ರಾಕ್ಷಿಯನ್ನೇ ಬಳಸುತ್ತಾರೆ. ಹಾಗಾಗಿ ನೀವು ಕಾಣುವ ವ್ಯತ್ಯಾಸವೆಲ್ಲ ಬರೀ ವಯಸ್ಸಿನದಲ್ಲ, ಹಣ್ಣಿನದೂ ಹೌದು.

ತಿನ್ನಲು ಖಾರ ಕಡಿಮೆ ಇರಲಿ. ಮೆಣಸಿನಕಾಯಿ ಉರಿ, ಒಗರು, ಮದ್ಯದ ಬಿಸಿ ಮೂರೂ ಸೇರಿದರೆ ಬಾಯಿ ಸುಡುತ್ತದೆ, ರುಚಿ ತಿಳಿಯುವುದಿಲ್ಲ. ಆ ಸೀಮೆಯಲ್ಲಿ ದ್ರಾಕ್ಷಿ ಬಳ್ಳಿಯ ಒಣಕಡ್ಡಿ ಉರಿಸಿ ಎಳೆ ಕುರಿಯ ಪಕ್ಕೆಲುಬು ಸುಡುತ್ತಾರೆ. ನೀವು ಮೆಣಸು, ಉಪ್ಪು ಹಾಕಿದ ಮಟನ್ ಚಾಪ್ಸ್ ಮಾಡಿ. ಸಸ್ಯಾಹಾರಿಗಳಿಗೆ ಬೆಣ್ಣೆಯಲ್ಲಿ ಹುರಿದ ಅಣಬೆ ಇರಲಿ, ಗ್ರಾನ್ ರೆಸೆರ್ವಾಕ್ಕೆ ಅದು ಎಷ್ಟು ಹೊಂದುತ್ತದೆ ಎಂದು ನೀವೇ ನೋಡಿ.

ವೈನ್ ಬಗ್ಗೆ ಓದಿದಾಗೆಲ್ಲ ಟ್ಯಾನಿನ್, ಬಾಡಿ, ಲೆದರ್, ಸೀಡರ್ ಅಂತ ಬರುತ್ತದೆ. ಬ್ಲ್ಯಾಕ್‌ಕರಂಟ್ ಹಣ್ಣನ್ನು ನಾನು ಕಂಡೇ ಇಲ್ಲ. ನಮ್ಮಂಥವರಿಗೆ ಇದು ಆಗುವ ಕೆಲಸವೇ? ಕನ್ನಡದಲ್ಲಿ ಏನೆಂದು ಹೇಳುವುದು?
— ತೀರ್ಥಹಳ್ಳಿ

ನೀವು ತೀರ್ಥಹಳ್ಳಿಯವರು. ಟ್ಯಾನಿನ್ ನಿಮ್ಮ ಅಂಗಳದಲ್ಲೇ ಒಣಗುತ್ತಿದೆ. ಹಸಿ ಅಡಿಕೆ ಅಗಿದಾಗ, ಗೇರುಹಣ್ಣು ಕಚ್ಚಿದಾಗ, ಎಳೆ ಬಾಳೆಕಾಯಿಯ ತುಂಡು ನಾಲಿಗೆಗೆ ತಗುಲಿದಾಗ ಬಾಯಿ ಬಿಗಿದುಕೊಳ್ಳುತ್ತದಲ್ಲ, ಅದೇ. ಅದಕ್ಕೆ ನಮ್ಮಲ್ಲಿ ಒಗರು ಎಂಬ ಚೊಕ್ಕ ಮಾತಿದೆ, ಸಣ್ಣ ಮಕ್ಕಳಿಗೂ ಗೊತ್ತಿರುವ ಮಾತು. ನಮ್ಮ ಆರು ರುಚಿಗಳ ಲೆಕ್ಕದಲ್ಲಿ ಅದಕ್ಕೆ ಸ್ವಂತ ಜಾಗವೇ ಇದೆ.

ಒಗರು ಆಗುವುದು ಹೇಗೆ ಗೊತ್ತಾ? ಜೊಲ್ಲಿನಲ್ಲಿ ಬಾಯಿಯನ್ನು ಜಾರುವಂತೆ ಇಡುವ ಪ್ರೋಟೀನ್ ಇರುತ್ತದೆ. ಟ್ಯಾನಿನ್ ಹೋಗಿ ಅದಕ್ಕೆ ಅಂಟಿಕೊಂಡು ಗಂಟು ಕಟ್ಟುತ್ತದೆ. ಜಾರು ಹೋಗಿ ನಾಲಿಗೆ ಒಣಗಿದ ಹಾಗೆ ಆಗುತ್ತದೆ. ಕೆಂಪು ವೈನನ್ನು ಸಿಪ್ಪೆ, ಬೀಜದ ಸಮೇತ ಹುದುಗಿಸುವುದರಿಂದ ಈ ಒಗರು, ಬಣ್ಣ ಎರಡೂ ರಸಕ್ಕೆ ಇಳಿಯುತ್ತವೆ. ವರ್ಷ ಕಳೆದಂತೆ ಒಗರಿನ ಕಣಗಳೂ ಬಣ್ಣದ ಕಣಗಳೂ ಒಂದಕ್ಕೊಂದು ಹೆಣೆದುಕೊಂಡು ದೊಡ್ಡದಾಗುತ್ತವೆ, ಭಾರ ತಾಳದಷ್ಟು ದೊಡ್ಡದಾದದ್ದು ಗಸಿಯಾಗಿ ತಳ ಸೇರುತ್ತದೆ, ಉಳಿದ ವೈನು ಬಣ್ಣದಲ್ಲಿ ತೆಳುವಾಗಿ ಬಾಯಿಗೆ ಮೆತ್ತಗಾಗುತ್ತದೆ. ಹಳೇ ವೈನಿನ ಬಣ್ಣ, ಮೃದು, ಗಸಿ ಮೂರೂ ಒಂದೇ ಕತೆ.

ಮಿಡಿ ಉಪ್ಪಿನಕಾಯಿಯನ್ನು ಹಾಕಿದ ತಿಂಗಳಲ್ಲೂ ತಿಂದಿದ್ದೀರಿ, ಭರಣಿಯಲ್ಲಿ ವರ್ಷ ಕಳೆದ ಮೇಲೂ ತಿಂದಿದ್ದೀರಿ. ಎಳೆಯದರಲ್ಲಿ ಹುಳಿ, ಸೊನೆ, ಖಾರ ಒಂದೊಂದೂ ಬೇರೆಬೇರೆ ನಿಂತು ಕೂಗುತ್ತದೆ. ಹಳೆಯದರಲ್ಲಿ ಎಲ್ಲ ಸೇರಿ ಒಂದಾಗಿರುತ್ತದೆ, ಮಿಡಿ ಮೆತ್ತಗಾಗಿರುತ್ತದೆ. ಕೆಲವರಿಗೆ ಆ ಕರಕರ ಎನ್ನುವುದೇ ಬೇಕು, ಕೆಲವರಿಗೆ ಹಳೆಯದೇ ಬೇಕು. ಇಷ್ಟು ತಿಳಿದ ನಾಲಿಗೆಗೆ ವೈನ್ ಕಷ್ಟವಲ್ಲ.

ಬ್ಲ್ಯಾಕ್‌ಕರಂಟ್ ಬಿಡಿ, ನೇರಳೆ ಅನ್ನಿ. ಲೆದರ್ ಎಂದರೆ ಹೊಸ ಚಪ್ಪಲಿಯ ಅಂಗಡಿ. ಸೀಡರ್ ಎಂದರೆ ಹೊಸದಾಗಿ ಕೆತ್ತಿದ ಪೆನ್ಸಿಲ್. ಬಾಡಿ ಎಂಬುದು ರುಚಿಯಲ್ಲ, ಬಾಯಿಯಲ್ಲಿ ಅನಿಸುವ ತೂಕ, ತಿಳಿಸಾರಿಗೂ ಗಟ್ಟಿ ಹುಳಿಗೂ ಇರುವ ವ್ಯತ್ಯಾಸ. ಒಂದು ಚಿಕ್ಕ ನೋಟ್‌ಬುಕ್ ಇಟ್ಟು ನಿಮಗೆ ನೆನಪಾದದ್ದನ್ನೇ ಬರೆಯಿರಿ. ಅಜ್ಜನ ಸಂಚಿಯ ಹೊಗೆಸೊಪ್ಪು ನೆನಪಾದರೆ ಹಾಗೇ ಬರೆಯಿರಿ. ಮುಂದಿನ ಸಲ ಅದೇ ಘಮ ಬಂದಾಗ ಗುರುತು ಹಿಡಿಯುವುದು ನಿಮ್ಮ ಮಾತಿನಿಂದಲೇ ಸಾಧ್ಯ.

2009ರ ಒಂದು ಕೆಂಪು ವೈನ್ ಬಾಟಲಿ ಅಡುಗೆಮನೆಯ ಅಟ್ಟದ ಮೇಲಿದೆ. ಗೃಹಪ್ರವೇಶಕ್ಕೆ ಯಾರೋ ಕೊಟ್ಟದ್ದು. ಇಷ್ಟು ಹಳೆಯದಾದ್ದರಿಂದ ಈಗ ತುಂಬಾ ಬೆಲೆಬಾಳುತ್ತದೆ ಅಲ್ವಾ?
— ಮೈಸೂರು

ಬೇಜಾರು ಮಾಡಿಕೊಳ್ಳಬೇಡಿ, ಬಹುಶಃ ಅದು ಹೋಗಿದೆ. ಜಗತ್ತಿನಲ್ಲಿ ತಯಾರಾಗುವ ವೈನಿನಲ್ಲಿ ಹೆಚ್ಚಿನದು ಕೆಲವೇ ವರ್ಷಗಳಲ್ಲಿ ಕುಡಿಯಲೆಂದು ಮಾಡಿದ್ದು. ಹತ್ತಿಪ್ಪತ್ತು ವರ್ಷ ಬಾಳುವುದಕ್ಕೆ ಒಗರು, ಹುಳಿ, ಹಣ್ಣು ಮೂರೂ ಬೇಕಾದಷ್ಟು ಇರಬೇಕು, ಇಟ್ಟ ಜಾಗವೂ ಸರಿ ಇರಬೇಕು. ಕತ್ತಲು, 12ರಿಂದ 14 ಡಿಗ್ರಿಯ ಒಂದೇ ಸಮನಾದ ತಂಪು, ಕಾರ್ಕ್ ಒಣಗದಂತೆ ಬಾಟಲಿ ಅಡ್ಡ ಮಲಗಿರುವುದು. ಅಡುಗೆಮನೆಯ ಅಟ್ಟದಲ್ಲಿ ದಿನಕ್ಕೆ ಮೂರು ಹೊತ್ತು ಒಲೆಯ ಶಾಖ ತಿಂದ ಬಾಟಲಿಗೆ ಇದರಲ್ಲಿ ಯಾವುದೂ ಸಿಕ್ಕಿಲ್ಲ.

ಈ ನೋವು ನಾನೂ ಉಂಡಿದ್ದೇನೆ. ತಂಗಿಯ ಮದುವೆಗೆ ಹತ್ತು ವರ್ಷ ತುಂಬಿದಾಗ ಅವಳ ಮದುವೆಯ ವರ್ಷದ್ದೇ ಒಂದು ಬಾಟಲಿ ಹುಡುಕಿ ತಂದೆ. ಅಂಗಡಿಯವರು ಅದನ್ನು ಗಾಜಿನ ಕಪಾಟಿನಲ್ಲಿ ದೀಪದ ಕೆಳಗೆ ನಿಲ್ಲಿಸಿದ್ದರು. ನೋಡಲು ಚೆಂದವಿತ್ತು. ತೆರೆದರೆ ಕತ್ತರಿಸಿಟ್ಟು ಕಂದಿದ ಸೇಬಿನ ವಾಸನೆ, ಬಾಯಿಗೆ ಬರೀ ಹುಳಿನೀರು. ಎಲ್ಲರೂ ಏನೂ ಹೇಳದೆ ಗ್ಲಾಸು ಕೆಳಗಿಟ್ಟರು. ಅವತ್ತಿನಿಂದ ಬಾಟಲಿಯ ವರ್ಷ ಕೇಳುವ ಮುಂಚೆ ಅದು ಇದ್ದ ಜಾಗ ಕೇಳುತ್ತೇನೆ.

ಆದರೂ ನಿಮ್ಮದನ್ನು ತೆರೆದೇ ನೋಡಿ. ಮುಂಚೆ ಕಾರ್ಕ್ ಮೇಲಕ್ಕೆ ಉಬ್ಬಿದೆಯಾ, ಸೋರಿದ ಅಂಟು ಇದೆಯಾ, ಕತ್ತಿನಲ್ಲಿ ವೈನಿನ ಮಟ್ಟ ಇಳಿದಿದೆಯಾ ನೋಡಿಕೊಳ್ಳಿ. ಕಂದಿದ ಸೇಬಿನ ವಾಸನೆ ಬಂದರೆ ಗಾಳಿ ಒಳಗೆ ಹೋಗಿದೆ. ಒದ್ದೆ ರಟ್ಟಿನ ವಾಸನೆ ಬಂದರೆ ಅದು ಕಾರ್ಕಿನ ದೋಷ, ಅದಕ್ಕೂ ವಯಸ್ಸಿಗೂ ಸಂಬಂಧವಿಲ್ಲ, ಹೊಸ ಬಾಟಲಿಯಲ್ಲೂ ಬರುತ್ತದೆ.

ನಾವು ದೊಡ್ಡಬಳ್ಳಾಪುರದ ಕಡೆಯವರು, ನಮ್ಮ ತಾತನ ಕಾಲದಿಂದ ಬೆಂಗಳೂರು ಬ್ಲೂ ದ್ರಾಕ್ಷಿ ಬೆಳೆಯುತ್ತೇವೆ. ನಮ್ಮ ಹಣ್ಣಿನಿಂದ ವರ್ಷಗಟ್ಟಲೆ ಇಡುವ ವೈನ್ ಯಾಕೆ ಮಾಡುವುದಿಲ್ಲ?
— ದೊಡ್ಡಬಳ್ಳಾಪುರ ತಾಲ್ಲೂಕು

ನಿಮ್ಮ ಹಣ್ಣಿನ ಮೇಲೆ ನನಗೆ ಪ್ರೀತಿ ಇದೆ. ಅದಕ್ಕೆ 2013ರಲ್ಲಿ ಜಿಐ, ಅಂದರೆ ಇದು ಈ ಸೀಮೆಯದೇ ಬೆಳೆ ಎನ್ನುವ ಗುರುತು ಕೂಡ ಸಿಕ್ಕಿದೆ. ಆದರೆ ಅದು ಅಮೆರಿಕದ ಲಬ್ರುಸ್ಕಾ ದ್ರಾಕ್ಷಿಯ ನೆಂಟ. ಅದರ ಆ ಜೋರು ಘಮ ಜ್ಯೂಸಿಗೆ, ಜಾಮಿಗೆ, ಸಿಹಿ ವೈನಿಗೆ ಚೆನ್ನ. ಆದರೆ ಆ ಘಮವೇ ಎಲ್ಲದರ ಮೇಲೆ ಕೂತುಬಿಡುತ್ತದೆ, ವರ್ಷಗಟ್ಟಲೆ ಇಟ್ಟರೂ ಮಾಗಿದ ಹೊಸ ಘಮಗಳು ಮೇಲೇಳಲು ಬಿಡುವುದಿಲ್ಲ. ವರ್ಷಗಟ್ಟಲೆ ಇಡುವ ವೈನುಗಳೆಲ್ಲ ಹೆಚ್ಚುಕಡಿಮೆ ವಿನಿಫೆರಾ ಜಾತಿಯ ದ್ರಾಕ್ಷಿಯವು, ಕ್ಯಾಬರ್ನೆ ಸೊವಿನ್ಯೋಂ, ಶಿರಾಜ್, ರಿಯೋಹಾದ ಟೆಂಪ್ರನಿಯೋ ಹೀಗೆ.

ನಿಮ್ಮ ಪಕ್ಕದ ನಂದಿ ಬೆಟ್ಟದ ತಪ್ಪಲಲ್ಲೇ ಗ್ರೋವರ್ ಅವರ ತೋಟ ಇದೆಯಲ್ಲ. ಬೋರ್ಡೋದ ವೈನ್ ಸಲಹೆಗಾರ ಮಿಶೆಲ್ ರೋಲಾಂ ಅವರ ಸಲಹೆ ಪಡೆದು ಅವರು ಮಾಡಿದ ಲಾ ರಿಸರ್ವ್ ಎಂಬ ವೈನು ಕ್ಯಾಬರ್ನೆ ಮತ್ತು ಶಿರಾಜ್ ಸೇರಿಸಿದ್ದು, ಓಕ್ ಪೀಪಾಯಿ ಕಂಡದ್ದು. ಕೊಪ್ಪಳ ಜಿಲ್ಲೆಯಲ್ಲಿ ಹಂಪಿಯ ಬೆಟ್ಟಗಳ ಕಡೆ ಕೃಷ್ಮಾ ತೋಟದವರೂ ಕ್ಯಾಬರ್ನೆ ಮಾಡುತ್ತಾರೆ. ಇವುಗಳ ಎರಡು ಬೇರೆ ಬೇರೆ ವರ್ಷದ ಬಾಟಲಿ ಸಿಕ್ಕರೆ ಪಕ್ಕಪಕ್ಕ ಇಟ್ಟು ಕುಡಿದು ನೋಡಿ. ಸ್ಪೇನಿಗೆ ಹೋಗದೆಯೂ ವಯಸ್ಸಿನ ಪಾಠ ಆಗುತ್ತದೆ.

ಒಂದು ತೊಡಕು ಹವೆಯದು, ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ನಮ್ಮ ಬಳ್ಳಿ ಚಳಿಗೆ ಮಲಗುವುದೇ ಇಲ್ಲ, ಅದಕ್ಕೇ ವರ್ಷಕ್ಕೆ ಎರಡು ಸಲ ಸವರಬೇಕು. ವೈನಿನ ದ್ರಾಕ್ಷಿ ಬಿಸಿಲು ಏರುವ ಹೊತ್ತಿಗೆ ಕೊಯ್ಲಿಗೆ ಬರುತ್ತದೆ. ರಿಯೋಹಾದಲ್ಲಿ ಕೊಯ್ಲು ಸೆಪ್ಟೆಂಬರ್, ಅಕ್ಟೋಬರಿನಲ್ಲಿ, ಚಳಿ ಶುರುವಾಗುವಾಗ. ರಾತ್ರಿ ತಂಪಿದ್ದರೆ ಹಣ್ಣಿನ ಹುಳಿ ಉಳಿಯುತ್ತದೆ. ಹುಳಿ ಇಲ್ಲದ ವೈನ್ ಬಹಳ ವರ್ಷ ನಿಲ್ಲುವುದಿಲ್ಲ. ಹಾಗಾಗಿ ನಮ್ಮ ಕೆಂಪು ವೈನುಗಳನ್ನು ಅವರ ವಯಸ್ಸಿನ ಅಳತೆಯಲ್ಲಿ ಅಳೆಯುವುದು ಬೇಡ. ನನ್ನ ಅನುಭವದಲ್ಲಿ ಅವುಗಳ ಒಳ್ಳೆಯ ದಿನಗಳು ಬೇಗ ಬರುತ್ತವೆ, ಆಗಲೇ ಕುಡಿಯಬೇಕು.

ಫ್ರಾನ್ಸಿನ ವೈನ್ ಮಾತ್ರ ದಶಕಗಟ್ಟಲೆ ಬಾಳುತ್ತದೆ, ಕ್ಯಾಲಿಫೋರ್ನಿಯಾದ್ದು ಬಾಳುವುದಿಲ್ಲ ಎಂದು ಆಫೀಸಿನಲ್ಲಿ ಒಬ್ಬರು ವಾದ ಮಾಡುತ್ತಾರೆ. ನಿಜವೇ?
— ಕ್ಯುಪರ್ಟಿನೋ, ಅಮೆರಿಕ

ಉತ್ತರ ನಿಮ್ಮ ಊರಿನ ಮೇಲಿನ ಬೆಟ್ಟದಲ್ಲೇ ಇದೆ. 1976ರ ಮೇ 24ರಂದು ಪ್ಯಾರಿಸ್‌ನಲ್ಲಿ ಸ್ಟೀವನ್ ಸ್ಪರಿಯರ್ ಎಂಬ ವೈನ್ ವ್ಯಾಪಾರಿ, ಹೆಸರು ಮುಚ್ಚಿ ರುಚಿ ನೋಡುವ ಒಂದು ಪರೀಕ್ಷೆ ಇಟ್ಟರು. ಕೆಂಪಿನಲ್ಲಿ ಗೆದ್ದದ್ದು ಕ್ಯಾಲಿಫೋರ್ನಿಯಾದ ಸ್ಟ್ಯಾಗ್ಸ್ ಲೀಪ್ 1973, ಅಂದರೆ 1973ರ ಫಸಲಿನ ವೈನು. ಬೋರ್ಡೋದ ಮೂಟೋನ್ 1970 ಎರಡನೆಯದಾಯಿತು. ಆಗ ಫ್ರೆಂಚ್ ಕಡೆಯವರು ಹೇಳಿದ್ದು ಇದನ್ನೇ, ನಮ್ಮದು ಇನ್ನೂ ಎಳೆಯದು, ವಯಸ್ಸಾಗಲಿ ನೋಡಿ ಎಂದು. ಸರಿ, 30 ವರ್ಷ ಬಿಟ್ಟು 2006ರಲ್ಲಿ ಅದೇ ವೈನುಗಳನ್ನು ಲಂಡನ್ ಮತ್ತು ಕ್ಯಾಲಿಫೋರ್ನಿಯಾದ ನಾಪಾದಲ್ಲಿ ಒಂದೇ ದಿನ ಮತ್ತೆ ತೆರೆದರು. ಮೊದಲ ಐದೂ ಸ್ಥಾನ ಕ್ಯಾಲಿಫೋರ್ನಿಯಾಕ್ಕೆ. ಮೊದಲನೆಯದು ರಿಡ್ಜ್ ಮಾಂಟೆ ಬೆಲ್ಲೊ 1971, 1976ರಲ್ಲಿ ಐದನೆಯದಾಗಿದ್ದ ವೈನು. ಆ ತೋಟ ಕ್ಯುಪರ್ಟಿನೋದ ಮೇಲಿನ ಸಾಂತಾ ಕ್ರೂಸ್ ಬೆಟ್ಟಗಳಲ್ಲಿದೆ. ಒಂದು ಭಾನುವಾರ ಹೋಗಿಬನ್ನಿ, ವಾದ ಮಾಡುವ ಗೆಳೆಯರನ್ನೂ ಕರೆದುಕೊಂಡು.

ದಿನಕ್ಕೆ ಒಂದು ಗ್ಲಾಸ್ ರೆಡ್ ವೈನ್ ಹೃದಯಕ್ಕೆ ಒಳ್ಳೆಯದು ಅಂತಾರೆ. ಹಳೆಯದಾದರೆ ಇನ್ನೂ ಒಳ್ಳೆಯದಾ? ನಾನು ಇದುವರೆಗೆ ಕುಡಿದಿಲ್ಲ, ಶುರು ಮಾಡಬಹುದಾ?
— ಹುಬ್ಬಳ್ಳಿ

ಆರೋಗ್ಯಕ್ಕೆ ಅಂತ ಶುರು ಮಾಡಬೇಡಿ. ಮದ್ಯಪಾನವನ್ನು ಕ್ಯಾನ್ಸರ್ ತರುವಂಥದ್ದು ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಮೊದಲ ಗುಂಪಿಗೆ ಸೇರಿಸಿದೆ. ಇಷ್ಟು ಕುಡಿದರೆ ಅಪಾಯವಿಲ್ಲ ಎನ್ನುವ ಅಳತೆಯೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಎಳೆಯದೋ ಹಳೆಯದೋ, ಮದ್ಯ ಮದ್ಯವೇ. ರುಚಿಗಾಗಿ ಅಪರೂಪಕ್ಕೆ ಕುಡಿಯುವವರಿಗೂ ನಾನು ಹೇಳುವುದು 50 ಮಿಲಿಯ ಲೆಕ್ಕವನ್ನೇ. ವೃತ್ತಿಯಲ್ಲಿ ಇರುವವರು ರುಚಿ ನೋಡಿ ಉಗುಳುತ್ತಾರೆ, ನುಂಗುವುದಿಲ್ಲ.

ರುಚಿ ನೋಡಿ ಉಳಿದ ವೈನ್ ಎಷ್ಟು ದಿನ ಇಡಬಹುದು? ತಳದಲ್ಲಿ ಕಾಫಿ ಚರಟದ ಹಾಗೆ ಉಳಿದದ್ದನ್ನು ಕುಡಿದರೆ ತೊಂದರೆಯೇ?
— ಮಂಗಳೂರು

ತೊಂದರೆ ಇಲ್ಲ, ಕಹಿ ಅಷ್ಟೇ. ಹಳೇ ಬಾಟಲಿಯನ್ನು ನಿಧಾನವಾಗಿ ಒಂದೇ ಸಲಕ್ಕೆ ಜಗ್ಗಿಗೆ ಬಗ್ಗಿಸಿ. ಕತ್ತಿನ ಹಿಂದೆ ಮೊಬೈಲ್ ಟಾರ್ಚ್ ಹಿಡಿದರೆ ಗಸಿ ಬರುವುದು ಕಾಣುತ್ತದೆ, ಅಲ್ಲಿಗೆ ನಿಲ್ಲಿಸಿ. ಎಳೆ ವೈನಿಗೆ ಕಾರ್ಕ್ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಎರಡು ಮೂರು ದಿನ ಇರುತ್ತದೆ, ಕೆಲವೊಮ್ಮೆ ಮರುದಿನ ಒಗರು ಕಡಿಮೆಯಾಗಿ ಚೆನ್ನಾಗಿಯೇ ಅನಿಸುತ್ತದೆ. ಇಪ್ಪತ್ತು ವರ್ಷದ್ದಕ್ಕೆ ಅಷ್ಟು ಉಸಿರಿಲ್ಲ. ತೆರೆದ ಒಂದೆರಡು ಗಂಟೆಯಲ್ಲೇ ಅದರ ಘಮ ಹಾರಿಹೋಗಬಹುದು. ಅದನ್ನು ತೆರೆಯುವ ದಿನ ಇನ್ನೂ ಇಬ್ಬರನ್ನು ಊಟಕ್ಕೆ ಕರೆಯಿರಿ.